ಹಿನ್ನೀರಿನ ದಂಡೆಯ ಕರಿ ಕಂಬಳಿ

ದೆವ್ವ ಕಂಡೆ ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುತ್ತಿದ್ದದ್ದು "ಉಂಡಿಯೇನು?" ಅಂತ. ಹಸಿದ ಹೊಟ್ಟೆಗೆ ಏನೇನೋ ಕಾಣುತ್ತದೆ ಅಂತ ನನ್ನ ತಿಳಿವಳಿಕೆ. ಈಗ ಹಾಗೆ ಕೇಳುವುದು ಬಿಟ್ಟಿದ್ದೇನೆ. ನೀವು ನಂಬಿರಿ, ಬಿಡಿರಿ, ಆದದ್ದು ಹೇಳುತ್ತೇನೆ.

ನನ್ನ ಮೊಮ್ಮಗಳು ರೇಣುಕಾ ವಿಮಾನದಿಂದ ತೆಗೆದ ಚಿತ್ರ ತಿದ್ದುವ ಕೆಲಸ ಕಲಿಯುತ್ತಿದ್ದಳು. ಸಮುದ್ರದ ದಂಡೆಗೆ ಆಳವಿಲ್ಲದ ಕಡೆ ತಳದಲ್ಲಿ ಏನಿದೆ ಅಂತ ಮೇಲಿನಿಂದಲೇ ನೋಡುತ್ತಾರಂತೆ. ನಡುವಿನ ಗಾಳಿ, ಧೂಳು ಸೇರಿ ಚಿತ್ರಕ್ಕೆ ಹಾಲು ಕಲಸಿದಂಥ ಬಿಳುಪು ಬರುತ್ತದೆ. ಅದನ್ನು ಲೆಕ್ಕ ಹಾಕಿ ತೆಗೆದರೆ ತಳ ಕಾಣುತ್ತದೆ. ಸಮುದ್ರಕ್ಕೆ ಕಳಿಸುವ ಮೊದಲು ನಮ್ಮ ಕಕ್ಕೇರಾ ಕಡೆಯ ಹಿನ್ನೀರಿನ ಮೇಲೆ ಅವಳ ಸಾಹೇಬರು ಅವಳಿಗೊಂದು ಪರೀಕ್ಷೆ ಇಟ್ಟರು. ಲೆಕ್ಕ ತಪ್ಪಿದರೆ ಕೆಲಸವಿಲ್ಲ.

ದಂಡೆಯ ಮೇಲೆ ಒಂದು ಅಚ್ಚ ಬಿಳಿ, ಒಂದು ಅಚ್ಚ ಕರಿ ಬಟ್ಟೆ ಹಾಸಬೇಕು. ಮೇಲಿನಿಂದ ಅವುಗಳ ಬಣ್ಣ ಎಷ್ಟು ಮಾಸಿ ಕಾಣುತ್ತದೋ ಅದರ ಮೇಲೆ ಗಾಳಿಯ ಪಾಲು ತಿಳಿಯುತ್ತದೆ. ಅವಳು ತಂದ ಕರಿ ಬಟ್ಟೆ ಬಿಸಿಲಿಗೆ ಮಿಂಚುತ್ತಿತ್ತು, ಮಿಂಚಿದರೆ ಮೇಲಿನಿಂದ ಕರಿ ಕಾಣುವುದಿಲ್ಲ. ನನ್ನ ಕರಿ ಕುರಿ ಉಣ್ಣೆಯ ಕಂಬಳಿ ಕೊಟ್ಟೆ. ನಮ್ಮಲ್ಲಿ ಕಂಬಳಿ ಹಾಸುವುದೇ ಯಾರನ್ನಾದರೂ ಕೂಡಿಸಲು. ಅಂಚು ಎಳೆದು ಸರಿ ಮಾಡಿ, ರೂಢಿಯಂತೆ "ಬರ್ರಿ, ಕುಂದರ್ರಿ" ಅಂದುಬಿಟ್ಟೆ.

"ಯಾರಿಗಂದಿ ಆಯಿ? ಇಲ್ಲಿ ಒಂದು ಕಾಗಿನೂ ಇಲ್ಲ," ಅಂತ ರೇಣುಕಾ ನಕ್ಕಳು.

"ನಿಮ್ಮ ಸಾಹೇಬಗ. ಸುಮ್ಮ ನಿನ್ನ ಕೆಲಸ ನೋಡು."

ಮಟಮಟ ಮಧ್ಯಾಹ್ನ. ಅವಳು ತೆಪ್ಪದಲ್ಲಿ ಹೋಗಿ ಬಿದಿರು ಗಳದಿಂದ ಆಳ ಅಳೆಯುತ್ತಿದ್ದಳು; ಚಿತ್ರದ ಲೆಕ್ಕದಲ್ಲಿ ಬರುವ ಆಳ ಇದಕ್ಕೆ ಕೂಡಬೇಕಂತೆ. ಆಡು, ನಾಯಿ ತುಳಿಯಬಾರದು ಅಂತ ನಾನು ದೂರದ ಜಾಲಿ ಗಿಡದ ಕೆಳಗೆ ಕುಂತು ಕಂಬಳಿ ಕಾದೆ. ವಿಮಾನ ಬಂತು, ಹೋಯಿತು. ನಾನು ತೂಕಡಿಸಲಿಲ್ಲ. ಯಾರೂ ಬರಲಿಲ್ಲ. ಮಡಚಲು ಹೋದಾಗ ಮಾತ್ರ, ಅಂಥ ಬಿಸಿಲಲ್ಲೂ ಕಂಬಳಿ ನಡುವೆ ತಣ್ಣಗಿತ್ತು.

ಚಿತ್ರ ಬಂದ ಮೇಲೆ ಅವಳು ಮನೆಯಲ್ಲೇ ಕುಂತು ತಿದ್ದಿದಳು. ಬಿಳುಪು ಹೋಯಿತು. ನೀರಿನ ತಳದ ಕಲ್ಲು, ಮುಳುಗಿದ ಹೊಲದ ಬದು ಎಲ್ಲ ಕಂಡವು. ಕಂಬಳಿಯ ಮೇಲೆ ಯಾರೋ ಕುಂತಿದ್ದರು. ತಲೆ, ಹೆಗಲು, ಚಾಚಿದ ಕಾಲು. ತಿದ್ದುವ ಮೊದಲಿನ ಚಿತ್ರದಲ್ಲಿ ಕಂಬಳಿ ಖಾಲಿ.

"ಆಯಿ, ನೀ ಏನರೆ ಕುಂತಿದ್ದೇನು? ಖರೇ ಹೇಳು."

"ನನಗ್ಯಾಕ ಬಿಸಲಾಗ ಕುಂದ್ರೂ ಹುಚ್ಚು?"

ಅವಳ ಮುಖ ಬಿಳಿಚಿತು. ದೆವ್ವದ ಅಂಜಿಕೆಯಲ್ಲ, ಕೆಲಸ ಹೋಗುವ ಅಂಜಿಕೆ. ಮತ್ತೆ ಮತ್ತೆ ಮಾಡಿ ನೋಡಿದಳು. ಕುಂತವರು ಹೋಗುವಂತೆ ಲೆಕ್ಕ ತಿರುವಿದರೆ ನೀರಿನ ಆಳ ತಪ್ಪುತ್ತಿತ್ತು. ಗಳದ ಅಳತೆಗೆ ಆಳ ಕೂಡಿದಾಗಲೆಲ್ಲ ಅವರು ಬಂದು ಕುಂದ್ರುತ್ತಿದ್ದರು.

"ನಮ್ಮ ಆಯಿ ಕುಂತಾಳ ಅಂತ ಬರದು ಕಳಸು," ಅಂದೆ.

ಕಳಿಸಿದಳು. ಮುದುಕಿಯನ್ನು ಯಾಕೆ ಕೂಡಿಸಿದಿ ಅಂತ ಸಾಹೇಬರು ಬೈದರು. ಆದರೆ ಲೆಕ್ಕ ಸರಿ ಇದೆ ಅಂತ ಕೆಲಸ ಕೊಟ್ಟರು. ಈಗ ಅವಳು ಸಮುದ್ರದ ದಂಡೆಗಿದ್ದಾಳೆ.

ಅಲ್ಲಿ ಯಾರೂ ಇರಲಿಲ್ಲ ಅಂತ ನಾನು ಹಟ ಹಿಡಿದರೆ ಮೊಮ್ಮಗಳ ಲೆಕ್ಕ ಸುಳ್ಳಾಗುತ್ತದೆ. ಇದ್ದರು ಅನ್ನಲು ನನ್ನ ಕಣ್ಣು ಒಪ್ಪುವುದಿಲ್ಲ. ಆ ಚಿತ್ರ ಕಂಡವರು ಕೇಳಿದರೆ ಇಂದಿಗೂ ನಾನೇ ಕುಂತಿದ್ದೆ ಅನ್ನುತ್ತೇನೆ.