ಮಾವಿನ ಹೂವಿನ ಕಾರ್ಡು

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಹೇಳದಿದ್ದರೆ ಮನೆಯವರು ಇನ್ನೂ ಕೆಟ್ಟದಾಗಿ ಹೇಳುತ್ತಾರೆ. ಅತ್ತಿಗೆಗೆ ಬಂದ ಮೊದಲ ಆರ್ಡರನ್ನು ಹಾಳು ಮಾಡಿದ್ದು ನನ್ನ ಗಂಟಲು.

ಬೇರೆಯವರ ದನಿ ಮಾಡುವುದು ನನಗೆ ಗೊತ್ತಿರುವ ಒಂದೇ ವಿದ್ಯೆ. ಶ್ರೀನಿವಾಸಪುರದ ಮಂಡಿಯಲ್ಲಿ ಮಾವು ಹರಾಜು ಕೂಗುವವನು, ಕೋಲಾರದ ಬಸ್ಸಿನ ಕಂಡಕ್ಟರು, ಗೊರಕೆ ಹೊಡೆಯುವ ನಮ್ಮಣ್ಣ, ಯಾರನ್ನೂ ಬಿಟ್ಟಿಲ್ಲ. ಹುಡುಗಿಯರ ಮುಂದೆ ತೊದಲುವ ನನ್ನನ್ನೂ ನಾನೇ ಮಾಡಿ ತೋರಿಸುತ್ತೇನೆ. ಹೆಚ್ಚು ಚಪ್ಪಾಳೆ ಬೀಳುವುದು ಅದಕ್ಕೇ.

ಅತ್ತಿಗೆ ತಾಯಲೂರಿನ ಕಡೆಯವರು, ಬೈಯುವಾಗ ಬಾಯಿಗೆ ತೆಲುಗು ಬರುತ್ತಿತ್ತು. ಮದುವೆಯಾಗಿ ಬಂದಾಗ ಒಂದು ಪುಟ್ಟ ಕೈಯಂತ್ರ ತಂದಿದ್ದರು. ಶಾವಿಗೆ ಒತ್ತುವುದಿರಬೇಕು ಅಂದುಕೊಂಡಿದ್ದೆ. ಅದರಲ್ಲಿ ಹೂವಿನ ಆಕಾರದ ಉಕ್ಕಿನ ಅಚ್ಚನ್ನು ದಪ್ಪ ಕಾಗದದ ಮೇಲಿಟ್ಟು ಹಿಡಿ ತಿರುಗಿಸಿದರೆ ಎಸಳುಗಳು ಕತ್ತರಿಸಿಕೊಂಡು ಬರುತ್ತಿದ್ದವು. ಬಣ್ಣ ಬಳಿದ ಮೇಲೆ ಕತ್ತರಿಸುವುದು ಸುಲಭ. ಅತ್ತಿಗೆ ಮಾತ್ರ ಮೊದಲು ಕತ್ತರಿಸಿ, ಎಸಳನ್ನು ಒದ್ದೆ ಮಾಡಿ, ಕುಂಚದ ತುದಿಯಿಂದ ಒಂದು ಹನಿ ಬಣ್ಣ ಬಿಡುತ್ತಿದ್ದರು. ಅದು ತಾನಾಗಿ ಹರಿದು ಅಂಚಿನಲ್ಲಿ ಗಾಢವಾಗಿ ನಿಲ್ಲುತ್ತಿತ್ತು. ಆಮೇಲೆ ರೇಷ್ಮೆಹುಳು ಸಾಕುವ ಬಿದಿರು ತಟ್ಟೆಯಲ್ಲಿ ಹರವಿ ಒಣಗಿಸಿ, ಚಮಚದ ಬೆನ್ನಿನಿಂದ ಬಾಗಿಸಿ, ಕಾರ್ಡಿಗೆ ಅಂಟಿಸುತ್ತಿದ್ದರು.

"ಅತ್ತಿಗೆ, ಈ ಹುಳ ಹಣ್ಣಾಗಿ ಗೂಡು ಕಟ್ಟೋದ್ಯಾವಾಗ?"

"ನೀನು ಬಾಯಿ ಮುಚ್ಚಿದ್ ದಿನ."

ಕೋಲಾರದ ಗಿಫ್ಟ್ ಅಂಗಡಿಯೊಂದಕ್ಕೆ ನಾವಿಬ್ಬರೂ ಹೋಗಿ ಕೆಲವು ಕಾರ್ಡು ಮಾದರಿಗೆ ಕೊಟ್ಟು ಬಂದೆವು. ಮಾಲೀಕರದು ಮೂಗಿನ ದನಿ, ಮಾತುಮಾತಿಗೂ 'ಏನಂದ್ರೆ'. "ಏನಂದ್ರೆ, ನೋಡ್ಬಿಟ್ಟು ಫೋನ್ ಮಾಡ್ತೀನಮ್ಮ," ಎಂದರು. ಅವತ್ತಿನಿಂದ ಅತ್ತಿಗೆ ಒಲೆಯ ಪಕ್ಕದಲ್ಲೇ ಫೋನಿಟ್ಟುಕೊಂಡು ಕಾಯತೊಡಗಿದರು.

ಕಾಯುವವರನ್ನು ಸುಮ್ಮನೆ ಬಿಡುವ ಜಾತಿಯಲ್ಲ ನಾನು. ಗೆಳೆಯನ ಫೋನಿನಿಂದ ಮೂಗು ಹಿಡಿದು ಶುರು ಮಾಡಿದೆ. "ಏನಂದ್ರೆ ಅಮ್ಮಾ, ನಿಮ್ ಹೂವು ಬಾಡೋಗಿದಾವೆ, ಏನಂದ್ರೆ, ಒಂಚೂರು ನೀರು ಕಳ್ಸಿ."

"ಸಾರ್, ಅದು ಪೇಪರ್ ಹೂವು ಸಾರ್!"

ಮರುದಿನ ಇನ್ಯಾರದೋ ಫೋನಿನಿಂದ, ಅಂಗಡಿಗೆ ಜೇನುಹುಳು ನುಗ್ಗಿವೆ ಎಂದೆ. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಅತ್ತಿಗೆಯನ್ನು ರೇಗಿಸುವುದು ಮೈದುನನ ಹಕ್ಕು ಎಂದು ಅಮ್ಮ ತೀರ್ಪನ್ನೂ ಕೊಟ್ಟರು.

ಒಂದು ಸಂಜೆ ನಾನು ಚಪ್ಪಲಿ ಬಿಡುತ್ತಿರುವಾಗಲೇ ಅತ್ತಿಗೆ ನಗುತ್ತ ಬಂದರು. "ಇವತ್ತಿನ ಫೋನು ಸೂಪರ್ ಕಣೋ! ಮಾವಿನಹಣ್ಣಿನ ಗಿಫ್ಟ್ ಬಾಕ್ಸಿಗೆ ಒಂದೊಂದು ಕಾರ್ಡಂತೆ, ಅದೂ ಮಾವಿನ ಹೂವಂತೆ! ಗುಲಾಬಿ ಬಿಟ್ಟು ಮಾವಿನ ಹೂವ್ನ ಯಾರಾದ್ರೂ ಕಾರ್ಡಿಗೆ ಹಾಕ್ತಾರೇನೋ? 'ಚಾಲು ರಾ ಕತ್ತೆ, ಸಾಕು ನಿಲ್ಸು, ಹೋಗಿ ಹಸೂಗೆ ನೀರಿಡು' ಅಂತ ಬೈದು ಇಟ್ಬಿಟ್ಟೆ."

ಆ ದಿನ ನಾನು ಅವರಿಗೆ ಫೋನೇ ಮಾಡಿರಲಿಲ್ಲ.

ಅತ್ತಿಗೆ ನನ್ನ ಮುಖ ನೋಡಿದರು. ನಗು ಅರ್ಧಕ್ಕೇ ನಿಂತಿತು. ಆ ನಂಬರಿಗೆ ಮತ್ತೆ ಮತ್ತೆ ಮಾಡಿದರೂ ಆ ಕಡೆ ಯಾರೂ ಎತ್ತಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಕೋಲಾರಕ್ಕೆ ಹೋಗಿ ನಡೆದದ್ದನ್ನು ಒಪ್ಪಿಸಿದೆ. "ಏನಂದ್ರೆ, ಎಲ್ಲಿ ನನ್ ಥರ ಮಾತಾಡು ನೋಡಣ," ಎಂದರು ಮಾಲೀಕರು. ಮಾಡಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಚಾವಾದೆ ಅಂದುಕೊಂಡೆ. ಅವರು ಕಣ್ಣೊರೆಸಿಕೊಂಡು, "ಕೊಯ್ದಿರೋ ಹಣ್ಣು ಕಾಯ್ತದಾ ಹೇಳು? ನಿನ್ನೆ ಸಂಜೇನೇ ಆರ್ಡರ್ನ ಮಾಲೂರಿನ ಪ್ರೆಸ್ಸಿಗೆ ಒಪ್ಪಿಸ್ಬಿಟ್ಟೆ. ಪ್ರಿಂಟ್ ಹೊಡೀತಾರೆ," ಎಂದು ಮಾದರಿ ಕಾರ್ಡುಗಳನ್ನು ನನ್ನ ಕೈಗೇ ಹಿಂದಿರುಗಿಸಿದರು.

ಮನೆಗೆ ಬಂದರೆ ಬಿದಿರು ತಟ್ಟೆಯ ತುಂಬ ಸಾಸಿವೆಗಿಂತ ಸ್ವಲ್ಪವೇ ದೊಡ್ಡ ಮಾವಿನ ಹೂಗಳು. ಅಷ್ಟು ಸಣ್ಣ ಅಚ್ಚು ಇಲ್ಲದ್ದರಿಂದ ಅತ್ತಿಗೆ ಅವನ್ನು ಕತ್ತರಿಯಲ್ಲೇ ಬಿಡಿಸಿದ್ದರು. ತಿಳಿಹಳದಿ ಎಸಳು, ಕೆಂಪು ಛಾಯೆಯ ಕಡ್ಡಿ. ಮರದಲ್ಲಿ ಹೂವೆಲ್ಲ ಉದುರಿ ಕಾಯಿ ಬಲಿತು ಕೊಯ್ಲು ನಡೆಯುತ್ತಿದ್ದ ಕಾಲ; ನೆನಪಿನಿಂದಲೇ ಮಾಡಿದ್ದರು. ನಾನು ವಿಷಯ ಹೇಳಿದೆ. ಅವರು ಬೈಯಲಿಲ್ಲ, ತಟ್ಟೆಯ ಮೇಲೆ ಹಳೇ ಪೇಪರು ಮುಚ್ಚಿದರು. ಬೈದಿದ್ದರೆ ಅದನ್ನೂ ಅವರ ದನಿಯಲ್ಲೇ ಮಾಡಿ ತೋರಿಸಿ ಹಗುರಾಗುತ್ತಿದ್ದೆನೋ ಏನೋ. ಈಗಲೂ ಮಂಡಿಯಲ್ಲಿ ಹಣ್ಣಿನ ಪೆಟ್ಟಿಗೆಯ ಮೇಲೆ ಆ ಪ್ರಿಂಟಿನ ಹೂವು ಕಂಡರೆ ಬೇರೆ ಕಡೆ ನೋಡುತ್ತೇನೆ.

ಆವತ್ತು ತಡೆಯಲಾರದೆ ಹೇಳಿದೆ. "ಬಿಡಿ ಅತ್ತಿಗೆ, ಮುಳಬಾಗಿಲು, ಮಾಲೂರು, ಎಲ್ಲಾ ಅಂಗಡಿಗೂ ನಾನೇ ಹೋಗ್ತೀನಿ. ನಿಮ್ ಪರವಾಗಿ ನಾನು ಮಾತಾಡ್ತೀನಿ."

ಅವರು ಕುಂಚ ತೊಳೆಯುತ್ತಲೇ ಕೇಳಿದರು:

"ಮಾತಾಡ್ತೀಯಾ? ಯಾರ ದನೀಲಿ?"