ಗಾಳಿಕಿಂಡಿ ಗುಡಿಸುವ ದಾಫಿನಾ

ಈಗಷ್ಟೇ ಬೆಳಕು ಹರಿಯುತ್ತಿದೆ. ಓಸಮ್ ನದಿಯ ಮಂಜು ಇನ್ನೂ ಲೋವೆಚ್ ಊರಿನ ಅಂಗಳಗಳಿಂದ ಕದಲಿಲ್ಲ. ದಾಫಿನಾ ಹಳೆಯ ಮಾಸ್ಕ್‌ವಿಚ್ ಕಾರಿನ ಬ್ಯಾಟರಿ ಬಿಚ್ಚಿ, ಪತ್ರಿಕೆಗೆ ಬರೆಯಲು ಬಂದ ನಾನು ಕೂತ ಬೆಂಚಿನ ಮೇಲೆ ನನ್ನ ಪಕ್ಕಕ್ಕೇ ಇಡುತ್ತಾರೆ. "ಮೊದ್ಲು ಇದನ್ನ ಕೀಳ್ಬೇಕು. ಒಳಗಿನ ಫ್ಯಾನು ತಿರುಗಿದ್ರೆ ಬೆರಳು ಹೋಯ್ತು ಅಂತ್ಲೇ ಲೆಕ್ಕ." ಆಮೇಲೆ ಮುಂಗಾಜಿನ ಕೆಳಗೆ, ಡ್ಯಾಶ್‌ಬೋರ್ಡಿನಲ್ಲಿರುವ ಗಾಳಿಕಿಂಡಿಗೆ ಹೆಬ್ಬಾತಿನ ಗರಿಯೊಂದನ್ನು ಇಳಿಬಿಡುತ್ತಾರೆ. ಮಗುವಿನ ಕಿವಿಯ ಗುಗ್ಗೆ ತೆಗೆಯುವಷ್ಟೇ ಹುಷಾರಾಗಿ ತಿರುಗಿಸುತ್ತಾರೆ.

ಸೂರ್ಯಕಾಂತಿ ಬೀಜದ ಸಿಪ್ಪೆ ಬರುತ್ತದೆ, ಒಣಗಿದ ಹೂವು ಬರುತ್ತದೆ, ಇಲಿ ಗೂಡು ಕಟ್ಟಿದ ಹತ್ತಿ ಬರುತ್ತದೆ. ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿಯ ಕಾಳುಗಳಂತೂ ಯಾವ ಕಾರಿನಲ್ಲೂ ತಪ್ಪುವುದಿಲ್ಲವಂತೆ. ಸ್ಮಶಾನದಿಂದ ಮರಳುವಾಗ ಕಾರಲ್ಲೇ ಕೂತು ತಿನ್ನುತ್ತೇವಲ್ಲ, ಇನ್ನೆಲ್ಲಿ ಹೋದೀತು! ಆ ಕಾಳನ್ನು ಮಾತ್ರ ದಾಫಿನಾ ಕಸಕ್ಕೆ ಹಾಕದೆ ಬೇರೆ ಬಟ್ಟಲಲ್ಲಿ ಎತ್ತಿಡುತ್ತಾರೆ.

ಇದೇ ಊರಿನ ಕಾರ್ಖಾನೆಯಲ್ಲಿ ಈ ಕಾರುಗಳಿಗೆ ಡ್ಯಾಶ್‌ಬೋರ್ಡ್ ಕೂರಿಸುತ್ತಿದ್ದವರು ಅವರು. ಕಾರ್ಖಾನೆ ಮುಚ್ಚಿತು, ಗಂಡ ತೀರಿಕೊಂಡರು. ಹಳೇ ಕಾರಿನ ಹುಚ್ಚಿನವರು ಮನೆ ಹುಡುಕಿಕೊಂಡು ಬಂದರು. ದಿನಕ್ಕೆ ಒಂದು ಕಾರು, ಹೆಚ್ಚೆಂದರೆ ಎರಡು. ಇಲಿಗೂಡಿನ ಧೂಳು ಕುಡಿದು ಎದೆ ಕೆಟ್ಟಿದೆ, ಮಾತಿನ ಮಧ್ಯೆ ಕೆಮ್ಮು ಬರುತ್ತದೆ. ಬೀದಿಯವರು 'ಕಾರಿನ ಮೂಗು ಕೆರೆಯೋಳು' ಎಂದು ಆಡಿಕೊಳ್ಳುತ್ತಾರೆ. "ಆಡ್ಕೊಳ್ಲಿ ಬಿಡಿ. ಅವರ ಮೂಗಿಗಿಂತ ಕಾರಿಂದೇ ಎಷ್ಟೋ ವಾಸಿ," ಎಂದು ನಗುತ್ತಾರೆ.

ಇವತ್ತಿನ ಕಾರು ಗೆಂಚೊ ಎಂಬವನದು, ಮಾರಾಟಕ್ಕಿದೆ. ಕೊಳ್ಳುವವನು ಮಧ್ಯಾಹ್ನ ಬರುತ್ತಾನೆ. ಆದರೆ ಫ್ಯಾನು ಹಾಕಿದರೆ ಸಾಕು, ಕಿಂಡಿಯೊಳಗಿಂದ ಶಿಳ್ಳೆ ಕೇಳಿಸುತ್ತದಂತೆ. ಎರಡೇ ಸ್ವರ, ಮಗುವೊಂದು ನಾಯಿಮರಿಯನ್ನು ಕರೆದ ಹಾಗೆ. ಹಿಂದಿನ ಗಿರಾಕಿ ಅದನ್ನು ಕೇಳಿ, ಬಾಗಿಲನ್ನೂ ಹಾಕದೆ ಓಡಿಹೋಗಿದ್ದಾನೆ.

ಗೆಂಚೊನ ತಾಯಿ ಪೇನಾ ಅಜ್ಜಿ ಮುಂದಿನ ಸೀಟು ಬಿಟ್ಟು ಏಳುತ್ತಲೇ ಇಲ್ಲ. ಆಸ್ಪತ್ರೆಯ ದಾರಿಯಲ್ಲಿ, ಇದೇ ಸೀಟಿನಲ್ಲಿ, ಅವರ ಏಳು ವರ್ಷದ ಮಗಳು ಇಸ್ಕ್ರಾ ಜ್ವರದಿಂದ ತೀರಿಕೊಂಡಳು. ಅದಾಗಿ ನಲವತ್ತು ವರ್ಷದ ಮೇಲಾಯಿತು.

"ಆ ವಾರವೇ ಮುಂದಿನ ಹಲ್ಲು ಬಿದ್ದಿತ್ತು ಕಣಮ್ಮ. ಹಲ್ಲಿನ ಸಂದೀಲಿ ಶಿಳ್ಳೆ ಹಾಕೋದು ಕಲ್ತಿದ್ಲು. ಇದು ಅವಳದ್ದೇ. ತೆಗೀಬೇಡ, ನಿನ್ನ ಕೈ ಮುಗೀತೀನಿ," ಅನ್ನುತ್ತಾರೆ ಅಜ್ಜಿ.

"ಅಮ್ಮಾ, ಸುಮ್ನಿರ್ತೀಯಾ? ದಾಫಿನಾ ಚಿಕ್ಕಮ್ಮ, ಅದೇನಿದ್ರೂ ಕಿತ್ತು ಬಿಸಾಕಿ," ಎಂದು ಗೆಂಚೊ ರೇಗುತ್ತಾನೆ.

ದಾಫಿನಾ ಪುಟ್ಟ ಕನ್ನಡಿಯನ್ನು ಕಿಂಡಿಗೆ ಇಳಿಸುತ್ತಾರೆ. ನಾನೂ ಇಣುಕುತ್ತೇನೆ. ಗಾಳಿಯ ದಾರಿಗೆ ಅಡ್ಡಲಾಗಿ ಕೆಂಪು-ಬಿಳಿ ದಾರವೊಂದು ಬಿಗಿದುಕೊಂಡಿದೆ. ಮಾರ್ತೆನಿತ್ಸಾ! ಮಾರ್ಚ್ ಒಂದಕ್ಕೆ ಮಣಿಕಟ್ಟಿಗೆ ಕಟ್ಟಿಕೊಂಡು, ಮರ ಹೂ ಬಿಟ್ಟಾಗ ಬಿಚ್ಚಿ ಕೊಂಬೆಗೆ ಕಟ್ಟುತ್ತೇವಲ್ಲ, ಅದೇ. ಇಸ್ಕ್ರಾ ಆ ವರ್ಷ ಹೂವು ಕಾಣಲಿಲ್ಲ. ಸುತ್ತ ಎಲ್ಲವೂ ಧೂಳು ಹಿಡಿದು ಬೂದಿಯ ಬಣ್ಣಕ್ಕೆ ತಿರುಗಿದೆ, ದಾರ ಮಾತ್ರ ನಿನ್ನೆ ಕಟ್ಟಿದಂತಿದೆ.

"ಗಾಳಿ ಬಡಿದಾಗ ದಾರ ಮಿಡಿಯುತ್ತೆ. ಅದೇ ನಿಮ್ಮ ಶಿಳ್ಳೆ," ಅನ್ನುತ್ತಾರೆ ದಾಫಿನಾ. ಹೋದ ಜೀವ ಬಂದಂತಾಗಿ ನಾನು ಮತ್ತೆ ಬೆಂಚಿಗೆ ಬಂದು ಕೂರುತ್ತೇನೆ. ಸದ್ಯ, ದೆವ್ವಗಿವ್ವ ಏನಿಲ್ಲ!

"ಹಾಗಾದ್ರೆ ಕೀಳಿ ಮತ್ತೆ," ಅನ್ನುತ್ತಾನೆ ಗೆಂಚೊ.

ದಾಫಿನಾ ಕಸ ಎಳೆಯುವ ತಂತಿಯ ಕೊಕ್ಕೆಯನ್ನು ಕೆಳಗಿಡುತ್ತಾರೆ. "ಕಸ ತೆಗೆಯೋಕೆ ಕರೆದೆಯಪ್ಪ, ತೆಗೆದೆ. ಇದು ಕಸ ಅಲ್ಲ."

"ಒಂದು ಗೇಣು ದಾರಕ್ಕೆ ಇಷ್ಟೊಂದು ರಗಳೆಯಾ!" ಗೆಂಚೊ ತಾನೇ ಕೊಕ್ಕೆ ಎತ್ತಿಕೊಂಡು ಕಿಂಡಿಗೆ ತೂರಿಸುತ್ತಾನೆ.

ಆಗ ಶಿಳ್ಳೆ ಕೇಳಿಸುತ್ತದೆ. ಎರಡೇ ಸ್ವರ. ಸ್ವಲ್ಪ ತಡೆದು, ಮತ್ತೊಮ್ಮೆ.

ಅಂಗಳದಲ್ಲಿ ಒಂದು ಎಲೆಯೂ ಅಲ್ಲಾಡುತ್ತಿಲ್ಲ. ಬ್ಯಾಟರಿ ನನ್ನ ಮೊಣಕೈ ಕೆಳಗೆ ತಣ್ಣಗೆ ಕೂತಿದೆ.

ಗೆಂಚೊನ ಕೈಯಿಂದ ಕೊಕ್ಕೆ ಜಾರಿ ಬೀಳುತ್ತದೆ. ಆ ದಪ್ಪ ಮೀಸೆಯ ಆಸಾಮಿ ಕಿಂಡಿಯತ್ತ ಬಾಗಿ, "ಇಸ್ಕ್ರಾ, ಅಣ್ಣ ಕಣೇ. ಏನೂ ಮಾಡಲ್ಲ ಕಣೇ," ಎಂದು ಪಿಸುಗುಟ್ಟುತ್ತಾನೆ. ಆಮೇಲೆ ಗೋಡೆಯ ಬಳಿ ಹೋಗಿ, ಬರುವುದು ಬೇಡವೆಂದು ಗಿರಾಕಿಗೆ ಫೋನ್ ಮಾಡುತ್ತಾನೆ. ಅಜ್ಜಿ ಕಿಂಡಿಯ ಮೇಲೆ ಅಂಗೈ ಇಟ್ಟು, ನಗುತ್ತಲೇ ಅಳುತ್ತಾರೆ.

ನನಗೆ ಅಲ್ಲಿಂದ ಕಾಲು ಕೀಳುವ ಆತುರ. ಆದರೂ ಪತ್ರಿಕೆಯವನ ಚಟ, ಮುಂದಿನ ಆಸೆ ಏನು ಎಂದು ದಾಫಿನಾರನ್ನು ಕೇಳುತ್ತೇನೆ. ಅವರು ಗರಿ ತೊಳೆಯುವುದನ್ನು ನಿಲ್ಲಿಸಿ, ಒದ್ದೆ ಬೆರಳುಗಳನ್ನು ಚಾಚಿ ನೋಡಿಕೊಳ್ಳುತ್ತಾರೆ.

"ಇನ್ನೊಂದಷ್ಟು ವರ್ಷ ಈ ಕೈ ನಡುಗದೆ ಇದ್ರೆ ಸಾಕಪ್ಪ. ಒಳಗಿರೋರಿಗೆ ನೋವಾಗಬಾರದಲ್ಲ."