ಪಲ್ಲವಿಯ ಕುರ್ಚಿ

ಗೆಳೆಯರೇ, ಇವತ್ತು ನಮ್ಮಿಂದ ಒಂದು ತಪ್ಪಾಯಿತು. ಶಿವಬಸವ ನಗರದಲ್ಲಿ ಆಟಿಸಂ ಇರುವ ಮಕ್ಕಳಿಗಾಗಿ ನಾವು ಕೆಲವರು ನಡೆಸುವ ಭಾನುವಾರದ ಕೂಟಕ್ಕೆ ನಿವೃತ್ತ ಹೆಡ್‌ಮಾಸ್ತರರೊಬ್ಬರು ಬಂದಿದ್ದರು. ನಮ್ಮಲ್ಲಿ ಕೈ ಇರುವ ಕುರ್ಚಿ ಒಂದೇ. ಅತಿಥಿಗೆ ಅದನ್ನೇ ಕೊಟ್ಟೆವು. ಖಾನಾಪುರದಿಂದ ಬರುವ ಎಂಟು ವರ್ಷದ ಪಲ್ಲವಿ ಅದನ್ನು ಬಿಟ್ಟು ಬೇರೆಲ್ಲೂ ಕೂರುವುದಿಲ್ಲ ಎಂಬುದು ಯಾರಿಗೂ ನೆನಪಾಗಲಿಲ್ಲ.

ಮಾಸ್ತರರು ಕುಳಿತೇ ಅರ್ಧ ಗಂಟೆ ಮಾತಾಡಿದ್ದರು. ಪಲ್ಲವಿ ಹೋಗಿ ಅವರೆದುರು ನಿಂತಳು. ಏನಾದರೂ ಬೇಕಾದರೆ ಅವಳು ಅಮ್ಮನ ಕೈ ಎಳೆಯುತ್ತಾಳೆ, ಇಲ್ಲವೇ ಅಳುತ್ತಾಳೆ. ಬಾಯಿಬಿಟ್ಟು ಕೇಳಿದವಳೇ ಅಲ್ಲ. ಹಾಗೆ ಕೇಳುವ ಒಂದು ಮಾತಿಗಾಗಿಯೇ ಅವಳ ಅಮ್ಮ ಎರಡು ವರ್ಷದಿಂದ ಪ್ರತಿ ವಾರ ಬಸ್ಸಿನಲ್ಲಿ ಕರೆತರುತ್ತಿದ್ದಾರೆ.

“ಏಳು,” ಎಂದಳು ಪಲ್ಲವಿ.

ಅಮ್ಮ ಓಡಿ ಬಂದರು. “ಸಿಟ್ಟಾಗಬ್ಯಾಡ್ರಿ ಸರ. ದೊಡ್ಡವರು ಸಣ್ಣವರು ಅಂತ ಗೊತ್ತಾಗಂಗಿಲ್ರಿ ಆಕಿಗೆ,” ಎನ್ನುತ್ತಲೇ ಅವರಿಗೆ ಅಳು ಬಂತು. “ಖರೇನ ಮಾತಾಡಿದ್ಲಲ್ರಿ!”

ಮಾಸ್ತರರು ತಟ್ಟನೆ ಎದ್ದರು. “ಕುಂದರವಾ. ನಿಂದ ಕುರ್ಚಿ ಐತಿ.”

ಉಳಿದ ಭಾಷಣವನ್ನು ಅವರು ನಿಂತೇ ಮಾಡಿದರು. ಅದು ಎರಡು ನಿಮಿಷದಲ್ಲಿ ಮುಗಿಯಿತು. ಇನ್ನು ಮುಂದೆ ಯಾವ ಅತಿಥಿಗೂ ಕುರ್ಚಿ ಕೊಡಬಾರದು ಎಂದುಕೊಂಡಿದ್ದೇವೆ.